ಅಂಗಡಿಯೊಳಗೆ ಬಾರದ ಸಲಹೆಗಾರ: ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯೊಂದರ ಪ್ರಕರಣ

ಈ ಪ್ರಕರಣದ ಅಂಗಡಿ ಇರುವುದು ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ. ಕಾಫಿ ಬೀಜ ಹುರಿದು, ಬೀಸಿ, ಪುಡಿ ಮಾರುವುದು ಮುಖ್ಯ ಕಸುಬು. ಕಾಫಿಯನ್ನು ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಮೂಲಕವೇ ಮಾರಬೇಕೆಂಬ ಕಟ್ಟುಪಾಡು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, ಬೆಳೆಗಾರರು ತಮಗೆ ಬೇಕಾದವರಿಗೆ ಬೀಜ ಮಾರುವಂತಾದ ಮೇಲೆ ತಂದೆ ಇದನ್ನು ಆರಂಭಿಸಿದ್ದರು. ಈಗ ನಡೆಸುತ್ತಿರುವವರು ಮಗಳು. ವ್ಯವಹಾರವೆಲ್ಲ ಅವರ ಹೆಸರಿನಲ್ಲೇ ಇದೆ. ಅವರ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಅಂಗಡಿ ನಡೆಸುವ ಈ ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಸಣ್ಣ ವ್ಯಾಪಾರಿಗಳು ತೆರಿಗೆಯ ಸಲಹೆಗೆ ಊರಿನವರನ್ನು ಇಟ್ಟುಕೊಳ್ಳಬೇಕೋ ದೂರದ ಕಚೇರಿಯನ್ನು ಹಿಡಿಯಬೇಕೋ ಎಂಬ ಪ್ರಶ್ನೆಯನ್ನು ಶುಲ್ಕ ಮತ್ತು ಅನುಭವದ ಲೆಕ್ಕದಲ್ಲಿಯೇ ನೋಡುವುದು ರೂಢಿ. ಈ ಅಂಗಡಿಯಲ್ಲಿ ಎರಡೂ ನಿರ್ಣಾಯಕವಾಗಲಿಲ್ಲ. ಒಂದು ಕಿಲೋಮೀಟರ್ ದೂರದಲ್ಲಿದ್ದವರಿಗೂ ಸುಮಾರು ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದವರಿಗೂ ಒಂದೇ ವಿಷಯ ತಪ್ಪಿಹೋಯಿತು. ಕಾರಣವೂ ಒಂದೇ ಆಗಿತ್ತು.

ಸರಕು ಮತ್ತು ತೆರಿಗೆ

ಅಂಗಡಿಯಲ್ಲಿ ಏನೇನು ಮಾರಾಟವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಅಪ್ಪಟ ಕಾಫಿಪುಡಿ ಇದೆ. ಚಿಕೋರಿ ಬೆರೆಸಿದ ಪುಡಿ ಇದೆ. ಇದರಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆಯಾಗುವಂತಿಲ್ಲ, ಎಷ್ಟು ಕಾಫಿ ಎಷ್ಟು ಚಿಕೋರಿ ಎಂಬುದು ಪೊಟ್ಟಣದ ಮೇಲೆ ಅಚ್ಚಾಗಿರಬೇಕು. ಮನೆಯಲ್ಲೇ ಹುರಿದುಕೊಳ್ಳುವ ಹಳೆಯ ಗಿರಾಕಿಗಳಿಗೆ ಮತ್ತು ಕೆಲವು ಹೋಟೆಲ್‌ಗಳಿಗೆ ಹುರಿಯದ ಬೀಜವನ್ನೇ ತೂಗಿ ಕೊಡುತ್ತಾರೆ. ಕೊಯ್ಲಿನ ಕಾಲದಲ್ಲಿ ಒಂದಿಷ್ಟು ಕಾಳುಮೆಣಸೂ ಇರುತ್ತದೆ. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ. ಅದೇ ಬೀಜ ಯಂತ್ರದಲ್ಲಿ ಹುರಿದು ಹೊರಬಂದೊಡನೆ ಶೇ 5. ಒಂದೇ ತಕ್ಕಡಿಯಲ್ಲಿ ತೂಗಿ, ಒಂದೇ ಗಲ್ಲಾಪೆಟ್ಟಿಗೆಗೆ ದುಡ್ಡು ಹಾಕುವ ಅಂಗಡಿಗೆ ಈ ಭೇದ ನಿತ್ಯದ ಕೆಲಸದಲ್ಲಿ ಕಾಣುವುದಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅಂಗಡಿಯನ್ನು ಕಾಂಪೋಸಿಷನ್‌ಗೆ, ಅಂದರೆ ರಾಜಿ ತೆರಿಗೆ ಪದ್ಧತಿಗೆ ಸೇರಿಸಲಾಯಿತು. ಈಗಿನ ನಿಯಮದಂತೆ ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಯೊಳಗಿರುವ ತಯಾರಕರು ಮತ್ತು ವ್ಯಾಪಾರಿಗಳು ಇದರಲ್ಲಿ ವಹಿವಾಟಿನ ಮೇಲೆ ಶೇ 1 ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿದರಾಯಿತು. ಬದಲಿಗೆ ಕೆಲವು ಷರತ್ತುಗಳಿವೆ. ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ, ಮತ್ತು ರಾಜ್ಯದ ಹೊರಗೆ ಸರಕು ಮಾರುವಂತಿಲ್ಲ. ಆಗ ಈ ಅಂಗಡಿಗೆ ಇದು ಹೇಳಿ ಮಾಡಿಸಿದ ಪದ್ಧತಿಯಾಗಿತ್ತು. ಆ ಸಲಹೆ ಕೊಟ್ಟ ಊರಿನ ಸಲಹೆಗಾರರನ್ನು ಈ ವಿಷಯದಲ್ಲಿ ಯಾರೂ ದೂರುವಂತಿಲ್ಲ.

2020ರ ಲಾಕ್‌ಡೌನ್ ಅಂಗಡಿಯ ಸ್ವರೂಪವನ್ನೇ ಬದಲಿಸಿತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬಂದು, ಹೋಗುವಾಗ ಒಂದೆರಡು ಕಿಲೋ ಪುಡಿ ಕೊಂಡೊಯ್ಯುತ್ತಿದ್ದ ಪ್ರವಾಸಿಗರು ಫೋನ್ ಮಾಡತೊಡಗಿದರು. ಮೊದಲು ಬೆಂಗಳೂರಿಗೆ ಪಾರ್ಸೆಲ್ ಹೋಯಿತು, ಆಮೇಲೆ ಚೆನ್ನೈ, ಹೈದರಾಬಾದ್, ಪುಣೆಗೆ. ಇದನ್ನು ಮಾಲಕಿ ಹೊಸ ವ್ಯಾಪಾರವೆಂದು ಎಣಿಸಲೇ ಇಲ್ಲ. ಅದೇ ಪುಡಿ, ಅದೇ ಬೆಲೆ, ಕೊರಿಯರ್ ಖರ್ಚು ಬೇರೆ, ಅಷ್ಟೇ ಎಂದುಕೊಂಡರು.

ಊರಿನ ಸಲಹೆಗಾರರು

ಅವರು ತಂದೆಯ ಸ್ನೇಹಿತರು. ಕರ್ನಾಟಕದಲ್ಲಿ 2005ರಲ್ಲಿ ವ್ಯಾಟ್ (ಜಿಎಸ್‌ಟಿಗೆ ಮೊದಲಿದ್ದ ಮಾರಾಟದ ತೆರಿಗೆ) ಬರುವುದಕ್ಕೂ ಮೊದಲಿನಿಂದ ಈ ಅಂಗಡಿಯ ಲೆಕ್ಕ ಅವರ ಕೈಯಲ್ಲಿತ್ತು. ಅಕ್ಕ ಅವರನ್ನು ಮಾಮ ಎಂದೇ ಕರೆಯುತ್ತಾರೆ. ಶುಲ್ಕಕ್ಕೆ ಬಿಲ್ ಇಲ್ಲ. ವರ್ಷಕ್ಕೊಮ್ಮೆ ಯುಗಾದಿಯ ಆಸುಪಾಸಿನಲ್ಲಿ ಒಂದು ಮೊತ್ತ ಕೊಡುವುದು, ಜೊತೆಗೆ ಒಂದಿಷ್ಟು ಪುಡಿ.

ಇಂಥ ಸಂಬಂಧ ಇಷ್ಟು ಗಟ್ಟಿಯಾಗಿ ಉಳಿಯುವುದಕ್ಕೆ ಕಾರಣಗಳಿವೆ, ಅದನ್ನು ಬರಿಯ ದಾಕ್ಷಿಣ್ಯವೆಂದು ತಳ್ಳಿಹಾಕಬಾರದು. ಲೆಕ್ಕ ಪರಿಶೋಧಕರು, ವಕೀಲರು ಜಾಹೀರಾತು ಕೊಟ್ಟು ಗ್ರಾಹಕರನ್ನು ಕರೆಯುವಂತಿಲ್ಲ ಎಂಬ ವೃತ್ತಿಯ ಕಟ್ಟುಪಾಡು ನಮ್ಮ ದೇಶದಲ್ಲಿ ಬಹಳ ಕಾಲದಿಂದ ಬೆಳೆದುಬಂದದ್ದು. ಹೀಗಿರುವಾಗ ಸಣ್ಣ ಊರಿನ ವ್ಯಾಪಾರಿಗೆ ಸಲಹೆಗಾರರು ಸಿಗುವುದು ಬಾಯಿಮಾತಿನಿಂದ. ಪಕ್ಕದ ಅಂಗಡಿಯವರು ಯಾರ ಬಳಿ ಹೋಗುತ್ತಾರೋ ಅವರ ಬಳಿಗೇ ನಾವೂ ಹೋಗುತ್ತೇವೆ. ಎರಡನೆಯದಾಗಿ, ಹಿಂದೆ ತೆರಿಗೆ ಕಚೇರಿಗೆ ಕಡತ ಹಿಡಿದು ಹೋಗಿ ಅಧಿಕಾರಿಯೆದುರು ಕೂರಬೇಕಿತ್ತು. ಅಲ್ಲಿ ನಾಲ್ಕು ಜನರ ಪರಿಚಯವಿದ್ದವರು ಜೊತೆಗಿದ್ದರೆ ವ್ಯಾಪಾರಿಗೆ ಧೈರ್ಯ. ಈಗ ನೋಂದಣಿ, ರಿಟರ್ನ್ಸ್, ನೋಟಿಸ್, ಅದಕ್ಕೆ ಉತ್ತರ ಎಲ್ಲವೂ ಪೋರ್ಟಲ್‌ನಲ್ಲಿ ನಡೆಯುತ್ತದೆ. ಆದಾಯ ತೆರಿಗೆಯ ಪರಿಶೀಲನೆಯಂತೂ ಮುಖವನ್ನೇ ನೋಡದ ಅಧಿಕಾರಿಗಳಿಂದ ಆಗುತ್ತದೆ. ಪರಿಚಯದ ಬೆಲೆ ಕುಸಿದಿದೆ, ಪರಿಚಯಸ್ಥರನ್ನು ಹುಡುಕುವ ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಮೂರು ತಿಂಗಳಿಗೊಮ್ಮೆ ಅವರ ಕಚೇರಿಯ ಸಹಾಯಕ ಫೋನ್ ಮಾಡುತ್ತಿದ್ದ. "ಅಕ್ಕ, ಟೋಟಲ್ ಸೇಲ್ ಎಷ್ಟು?" ಎಂದು ಕೇಳುತ್ತಿದ್ದ. ಅಕ್ಕ ನೋಟ್‌ಬುಕ್ ನೋಡಿ ಒಂದು ಸಂಖ್ಯೆ ಹೇಳುತ್ತಿದ್ದರು. ಶೇ 1 ಲೆಕ್ಕ ಹಾಕಿ ಚಲನ್ ಬರುತ್ತಿತ್ತು. ತಂದೆ ತೀರಿಕೊಂಡ ಮೇಲೆ ಆ ಹಿರಿಯರು ಅಂಗಡಿಗೆ ಬಂದದ್ದೇ ಇಲ್ಲ. ಬರಬೇಕಾದ ಸಂದರ್ಭವೂ ಒದಗಲಿಲ್ಲ, ಏಕೆಂದರೆ ಸಂಖ್ಯೆ ತಪ್ಪದೆ ಸಿಗುತ್ತಿತ್ತು.

ನನ್ನ ಅಭಿಪ್ರಾಯದಲ್ಲಿ ಹತ್ತಿರದ ಸಲಹೆಗಾರರ ನಿಜವಾದ ಅಪಾಯ ಇದು. ಎಲ್ಲವೂ ಗೊತ್ತಿದೆ ಎಂಬ ಭಾವನೆ ಇಬ್ಬರಲ್ಲೂ ಬೆಳೆಯುತ್ತದೆ. ಅವರು ಕೇಳುವುದನ್ನು ನಿಲ್ಲಿಸುತ್ತಾರೆ, ನಾವು ಹೇಳುವುದನ್ನು ನಿಲ್ಲಿಸುತ್ತೇವೆ. ಮದುವೆ ಮನೆಗಳಲ್ಲಿ, ಸಂತೆಯಲ್ಲಿ ಭೇಟಿಯಾಗುತ್ತಲೇ ಇದ್ದ ಇಬ್ಬರ ನಡುವೆ ಚೆನ್ನೈ ಪಾರ್ಸೆಲ್‌ಗಳ ಮಾತು ಒಮ್ಮೆಯೂ ಬರಲಿಲ್ಲ.

ಜುಲೈ 2025

ಆ ತಿಂಗಳು ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. ನೋಂದಣಿಯಿಲ್ಲದೆ ಅದನ್ನು ದಾಟಿದಂತೆ ಕಂಡವರಿಗೆ ನೋಟಿಸ್ ಹೋಗಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಎಲ್ಲರ ಬಾಯಲ್ಲಿತ್ತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್ ನಡೆಸುವವರಲ್ಲಿ ಹಾಸನ ಜಿಲ್ಲೆಯವರು ಅನೇಕರು. ಅವರ ಆತಂಕ ಫೋನಿನಲ್ಲೇ ಮಲೆನಾಡಿನ ನೆಂಟರಿಷ್ಟರಿಗೆ ತಲುಪಿತು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಮಾತನಾಡಿದ ಮೇಲೆ ಕಾವು ಇಳಿಯಿತಾದರೂ, ಕ್ಯೂಆರ್ ಕೋಡ್ ಅಂಟಿಸಿದ ಫಲಕವನ್ನು ಕೆಲವರು ಒಳಗಿಟ್ಟುಬಿಟ್ಟಿದ್ದರು.

ಅಕ್ಕ ಮಾಮನ ಕಚೇರಿಗೆ ಹೋದಾಗ ಅಲ್ಲಿ ಮೆಟ್ಟಿಲವರೆಗೂ ಜನ. ಅವರ ಸರದಿ ಬಂದಾಗ ಸಿಕ್ಕಿದ್ದು ಎರಡು ಮಾತು: "ನೀನು ಕಾಂಪೋಸಿಷನ್‌ನಲ್ಲಿ ಇದ್ದೀಯಮ್ಮ. ನಿನಗೆ ಏನೂ ಆಗುವುದಿಲ್ಲ, ಹೋಗು." ನೋಂದಣಿಯಿಲ್ಲದವರ ಗುಂಪಿನಲ್ಲಿ ಅವರು ಇರಲಿಲ್ಲ ಎಂಬ ಮಟ್ಟಿಗೆ ಆ ಮಾತು ಸರಿ. ಆದರೆ ತಮ್ಮನಿಗೆ ಸಮಾಧಾನವಾಗಲಿಲ್ಲ. ಅಂಗಡಿಯ ಪುಡಿಯನ್ನು ಆನ್‌ಲೈನ್ ಮಾರಾಟ ವೇದಿಕೆಗೆ ಏರಿಸುವ ಆಸೆಯೂ ಅವರಿಗಿತ್ತು. ತಾವು ಕೆಲಸ ಮಾಡುವ ಕಂಪನಿಯ ಸಹೋದ್ಯೋಗಿಯೊಬ್ಬರ ಮೂಲಕ ಬೆಂಗಳೂರಿನ ಒಂದು ಲೆಕ್ಕ ಪರಿಶೋಧಕರ ಸಂಸ್ಥೆಯನ್ನು ಗೊತ್ತುಮಾಡಿದರು. ಅಲ್ಲಿಯೂ ದಾರಿ ತೋರಿಸಿದ್ದು ಬಾಯಿಮಾತೇ ಎಂಬುದನ್ನು ಗಮನಿಸಬೇಕು.

ದೂರದ ಕಚೇರಿ

ಬೆಂಗಳೂರಿನವರ ಕೆಲಸದಲ್ಲಿ ಅಚ್ಚುಕಟ್ಟಿತ್ತು. ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದು ಬರಹದಲ್ಲಿ ಬಂತು. ವಾಟ್ಸ್‌ಆ್ಯಪ್ ಗುಂಪಾಯಿತು. ಕಡೆಯ ದಿನಾಂಕಕ್ಕೆ ಮುಂಚೆ ನೆನಪಿನ ಸಂದೇಶ ಬರುತ್ತಿತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕ ಲೆಕ್ಕ ಅಕ್ಟೋಬರ್ 18ರ ಗಡುವಿಗೆ ಮೊದಲೇ ಸಲ್ಲಿಕೆಯಾಯಿತು.

ಶುರುವಿನಲ್ಲೇ ಅವರು ಒಂದು ಆನ್‌ಲೈನ್ ಫಾರಂ ತುಂಬಿಸಿಕೊಂಡಿದ್ದರು. ರಾಜ್ಯದ ಹೊರಗೆ ವ್ಯವಹಾರವಿದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಅಕ್ಕ ಇಲ್ಲ ಎಂದು ಗುರುತು ಹಾಕಿದ್ದರು. ಪ್ರಶ್ನೆ ಶಾಖೆಯ ಬಗ್ಗೆ ಎಂದು ಅವರು ಭಾವಿಸಿದ್ದರು. ಫಾರಂ ತಿರುಗಿ ಕೇಳಲಿಲ್ಲ.

ಅಕ್ಟೋಬರ್ ಕೊನೆಗೆ ಇನ್ನೊಂದು ತೊಡಕು ಎದ್ದಿತು. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿಕೊಂಡ ಸಂಸ್ಥೆ, ಖಾತೆಗೆ ಬಂದ ಹಣವನ್ನೆಲ್ಲ ಕೂಡಿ, ವಹಿವಾಟು ಒಂದೂವರೆ ಕೋಟಿಯ ಮಿತಿಯನ್ನು ಮುಟ್ಟುವ ಹಂತದಲ್ಲಿದೆ, ಈವರೆಗೆ ತೋರಿಸಿದ ಲೆಕ್ಕ ಅದಕ್ಕಿಂತ ಬಹಳ ಕಡಿಮೆಯಿದೆ ಎಂದು ಇಮೇಲ್ ಕಳಿಸಿತು. ಅಕ್ಕ ಕಂಗಾಲಾದರು. ಖಾತೆಗೆ ಬಂದದ್ದರಲ್ಲಿ ಏನೇನಿತ್ತು? ಎತ್ತಿದ ಚೀಟಿಯ ಹಣ ಇತ್ತು. ಅಮ್ಮನ ಚಿಕಿತ್ಸೆಗೆ ತಮ್ಮ ಕಳಿಸಿದ ಹಣ ಇತ್ತು. ಪಕ್ಕದ ಅಂಗಡಿಗಳವರು ನಗದು ಬೇಕಾದಾಗ ಇವರ ಕ್ಯೂಆರ್‌ಗೆ ಹಣ ಹಾಕಿ ಗಲ್ಲಾಪೆಟ್ಟಿಗೆಯಿಂದ ನೋಟು ಪಡೆಯುವುದು ಆ ಬೀದಿಯಲ್ಲಿ ನಿತ್ಯದ ರೂಢಿ, ಅದೂ ಇತ್ತು.  ಇದನ್ನೆಲ್ಲ ಫೋನಿನಲ್ಲಿ ವಿವರಿಸಲು ಹೊರಟಾಗ ಆ ಕಡೆಯಿಂದ ಬರುತ್ತಿದ್ದ ಉತ್ತರ ದಾಖಲೆ ಕಳಿಸಿ ಎಂಬುದು. ನೆರೆಯವರಿಗೆ ಚಿಲ್ಲರೆ ಕೊಟ್ಟದ್ದಕ್ಕೆ ದಾಖಲೆ ಎಲ್ಲಿಂದ ತರುವುದು?

ಊರಿನವರಾಗಿದ್ದರೆ ಈ ರೂಢಿಯನ್ನು ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ, ಅವರೂ ಹಾಗೆ ನಗದು ಪಡೆದವರೇ. ಹತ್ತಿರವಿರುವುದರ ನಿಜವಾದ ಲಾಭ ಇಂಥ ಕಡೆ ಕಾಣುತ್ತದೆ. ಯುಪಿಐಗೆ ಬಂದದ್ದೆಲ್ಲ ಮಾರಾಟವಲ್ಲ ಎಂದು ಜುಲೈನಲ್ಲಿ ರಾಜ್ಯದ ವ್ಯಾಪಾರಿಗಳು ಇಲಾಖೆಗೆ ಹೇಳಿದ್ದೂ ಇದನ್ನೇ.

ಒಂದು ದಿನದ ಭೇಟಿ

ಫೋನಿನಲ್ಲಿ ಮಾತು ಬಿಗಿಯಾದಾಗ ತಮ್ಮ ಪಟ್ಟುಹಿಡಿದು, ಪ್ರಯಾಣದ ಖರ್ಚನ್ನು ತಾವೇ ಕೊಡುವುದಾಗಿ ಒಪ್ಪಿ, ಸಂಸ್ಥೆಯಿಂದ ಒಬ್ಬರನ್ನು ಚಿಕ್ಕಮಗಳೂರಿಗೆ ಕಳಿಸುವಂತೆ ಮಾಡಿದರು. ಬಂದವರು ಇನ್ನೂ ತರಬೇತಿಯಲ್ಲಿದ್ದ ಯುವತಿ. ಹಾಸನ, ಬೇಲೂರು ದಾರಿಯ ಬಸ್ಸಿನಲ್ಲಿ ಬಂದು ಇಳಿದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲಿ ಕುಳಿತರು.

ಹುರಿಯುವ ಯಂತ್ರದ ಪಕ್ಕದ ಗೋಡೆಯಲ್ಲಿ ಕೊಕ್ಕೆಯಿರುವ ಒಂದು ತಂತಿ ನೇತಾಡುತ್ತದೆ. ಕೊರಿಯರ್ ರಸೀದಿಗಳನ್ನು ಅದಕ್ಕೆ ಚುಚ್ಚಿಡುತ್ತಾರೆ. ತಂತಿ ತುಂಬಿದಾಗ ಕಟ್ಟು ಕಟ್ಟಿ ಡಬ್ಬಿಗೆ ಹಾಕಿ ಹೊಸದಾಗಿ ಶುರು ಮಾಡುತ್ತಾರೆ. ಹಳೆಯ ರಸೀದಿಗಳು ಕಾಫಿಯ ಎಣ್ಣೆ ಹೀರಿ ಕಂದುಬಣ್ಣಕ್ಕೆ ತಿರುಗಿದ್ದವು. ಆ ಯುವತಿ ಮಧ್ಯಾಹ್ನ ಊಟದ ಹೊತ್ತಿಗೆ ಸುಮ್ಮನೆ ಅವನ್ನು ತಿರುವಿ ನೋಡಿದರು. ಪಿನ್ ಕೋಡ್‌ಗಳು 600ರಿಂದ ಶುರುವಾಗಿದ್ದವು, 500ರಿಂದ ಶುರುವಾಗಿದ್ದವು, ನಡುವೆ 411 ಕೂಡ ಇತ್ತು.

"ಮೇಡಂ, ಇವೆಲ್ಲ ಚೆನ್ನೈಗೆ ಹೋದ ಪಾರ್ಸೆಲ್‌ಗಳೇ?"

"ಹೌದಮ್ಮ, ಹಳೆಯ ಗಿರಾಕಿಗಳು. ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತಾರೆ."

"ರಾಜ್ಯದ ಹೊರಗೆ ವ್ಯವಹಾರ ಇಲ್ಲ ಎಂದು ಬರೆದಿದ್ದಿರಲ್ಲ?"

"ನಮಗೆ ಹೊರಗೆ ಅಂಗಡಿ ಎಲ್ಲಿದೆ?"

ಅಷ್ಟು ವರ್ಷ ಯಾರಿಗೂ ಕಾಣದ ಷರತ್ತು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಮೊದಲ ಚೆನ್ನೈ ಪಾರ್ಸೆಲ್ ಹೊರಟ ದಿನವೇ ಅಂಗಡಿ ಕಾಂಪೋಸಿಷನ್‌ನ ಅರ್ಹತೆ ಕಳೆದುಕೊಂಡಿತ್ತು. ಷರತ್ತು ಮುರಿದ ದಿನದಿಂದ ಏಳು ದಿನದೊಳಗೆ ಪದ್ಧತಿಯಿಂದ ಹೊರಬರುವ ಅರ್ಜಿ ಹಾಕಿ, ಎಲ್ಲರಂತೆ ತೆರಿಗೆ ಬಿಲ್ ಬರೆಯಬೇಕಿತ್ತು. ಪಾರ್ಸೆಲ್‌ಗಳಿಗೆ ಮಾತ್ರವಲ್ಲ, ಅಂಗಡಿಯ ಕಟ್ಟೆಯ ಮೇಲೆ ಊರಿನವರಿಗೆ ಮಾರಿದ ಪುಡಿಗೂ ಶೇ 5 ಅನ್ವಯವಾಗುವ ಪರಿಸ್ಥಿತಿ ಅದು. 600 ರೂಪಾಯಿಯ ಪುಡಿ ಮಾರಿದಾಗ ಅವರು ಕಟ್ಟಿದ್ದು 6 ರೂಪಾಯಿ. ಆ ಬೆಲೆಯಲ್ಲೇ ತೆರಿಗೆ ಅಡಕವಾಗಿದೆ ಎಂದು ಹಿಡಿದರೂ ಕಟ್ಟಬೇಕಾದದ್ದು 28 ರೂಪಾಯಿ 57 ಪೈಸೆ. ಗಿರಾಕಿಯಿಂದ ಈಗ ವಸೂಲು ಮಾಡುವಂತಿಲ್ಲ. ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ.

ಅದೇ ಮಧ್ಯಾಹ್ನ ಇನ್ನೊಂದು ವಸ್ತುವೂ ಸಿಕ್ಕಿತು. ಹುರಿಯದ ಬೀಜದ ದರ ದಿನದಿನಕ್ಕೆ ಬದಲಾಗುವುದರಿಂದ ಅಂಗಡಿಯ ಕೆಲಸದವರು ಅದನ್ನು ಮಾತ್ರ ಪ್ರತ್ಯೇಕ ಉದ್ದ ನೋಟ್‌ಬುಕ್‌ನಲ್ಲಿ ತೂಕ, ದರ, ತಾರೀಕು ಹಾಕಿ ಬರೆದಿಟ್ಟಿದ್ದರು. ಬೆಂಗಳೂರಿನ ಯಾವ ಫಾರಂ ಕೂಡ ಅದನ್ನು ಕೇಳಿರಲಿಲ್ಲ, ಊರಿನ ಕಚೇರಿಯೂ ಕೇಳಿರಲಿಲ್ಲ. ಕಾಂಪೋಸಿಷನ್‌ನಲ್ಲಿ ತಯಾರಕರು ತೆರಿಗೆಯಿಲ್ಲದ ಸರಕನ್ನೂ ಸೇರಿಸಿ ಒಟ್ಟು ವಹಿವಾಟಿನ ಮೇಲೆ ಶೇ 1 ಕಟ್ಟಬೇಕಾದ್ದರಿಂದ ಆಗ ಅದರ ಅಗತ್ಯ ಬಿದ್ದಿರಲಿಲ್ಲ. ಸಾಮಾನ್ಯ ಪದ್ಧತಿಯ ಲೆಕ್ಕದಲ್ಲಿ ಹುರಿಯದ ಬೀಜಕ್ಕೆ ತೆರಿಗೆಯೇ ಇಲ್ಲ. ಆ ನೋಟ್‌ಬುಕ್ ಕಟ್ಟಬೇಕಾದ ಮೊತ್ತವನ್ನು ಗಣನೀಯವಾಗಿ ಇಳಿಸಿತು.

ಹಿಂದಿನ ವರ್ಷಗಳ ಲೆಕ್ಕ

ಮುಂದಿನ ವ್ಯಾಪಾರಕ್ಕೆ ಕಾಂಪೋಸಿಷನ್ ಬಿಡಬೇಕು ಎಂಬುದರಲ್ಲಿ ತಕರಾರು ಇರಲಿಲ್ಲ. ಹಿಂದಿನದ್ದನ್ನು ಏನು ಮಾಡುವುದು ಎಂಬುದರಲ್ಲಿ ಸಲಹೆಗಳು ನೇರವಾಗಿ ಎದುರುಬದುರಾದವು.

ವಂಚನೆಯ ಉದ್ದೇಶವಿಲ್ಲದ ಪ್ರಕರಣಗಳಲ್ಲಿ ನೋಟಿಸ್ ಬರುವ ಮೊದಲೇ ತೆರಿಗೆ ಮತ್ತು ಬಡ್ಡಿಯನ್ನು ತಾನಾಗಿ ಕಟ್ಟಿದರೆ ದಂಡ ಬೀಳುವುದಿಲ್ಲ. ಆದ್ದರಿಂದ ಲೆಕ್ಕ ತೆಗೆದು ಕಟ್ಟಿಬಿಡಿ ಎಂದರು ಬೆಂಗಳೂರಿನವರು. ಅಕ್ಕ ಮಾಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವರು ಬಹಳ ಹೊತ್ತು ಕೇಳಿಸಿಕೊಂಡರು. "ಪಾರ್ಸೆಲ್ ಕಳಿಸುತ್ತಿದ್ದೀಯ ಎಂದು ನನಗೆ ಒಂದು ಮಾತು ಹೇಳಬಾರದಿತ್ತೇ?" ಎಂದರು. "ನೀವು ಕೇಳಲಿಲ್ಲ ಮಾಮ, ನನಗೆ ಹೇಳಬೇಕೆಂದು ಗೊತ್ತಾಗಲಿಲ್ಲ" ಎಂದರು ಅಕ್ಕ. ಹಿಂದಿನದನ್ನು ಕೆದಕಬೇಡ, ಯಾರೂ ಕೇಳಿಲ್ಲ, ಕೇಳಿದಾಗ ನೋಡೋಣ ಎಂಬುದು ಅವರ ಸಲಹೆಯಾಗಿತ್ತು.

ಆ ಸಲಹೆಯಲ್ಲಿ ಮಮತೆಯಿತ್ತು, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದು ಹಳೆಯ ಕಾಲಕ್ಕೆ ಸೇರಿದ ಸಲಹೆ. ಇಲಾಖೆ ಯುಪಿಐ ಮಾಹಿತಿಯನ್ನು ತರಿಸಿಕೊಂಡು ತಾಳೆ ಹಾಕುತ್ತಿರುವಾಗ, ಆನ್‌ಲೈನ್ ವೇದಿಕೆಗೆ ಹೋಗಬೇಕೆಂದಿರುವ ಅಂಗಡಿಗೆ ಯಾರೂ ಕೇಳುವುದಿಲ್ಲ ಎಂಬ ನಂಬಿಕೆ ತುಂಬ ದುಬಾರಿಯಾಗಬಲ್ಲದು. ಅಕ್ಕ ಕಟ್ಟುವ ನಿರ್ಧಾರ ಮಾಡಿದರು. ಕಂತು ಕಂತಾಗಿ ಕಟ್ಟುತ್ತಿದ್ದಾರೆ. ಹುರಿಯುವ ಯಂತ್ರ ಬದಲಿಸಲು ಕೂಡಿಟ್ಟಿದ್ದ ಹಣ ಅದಕ್ಕೇ ಹೋಯಿತು.

ಲೆಕ್ಕ ತೆಗೆಯಲು ವರ್ಷವಾರು ಮಾರಾಟ, ಖರೀದಿಯ ಕಾಗದಗಳು ಬೇಕಿದ್ದವು. ಅವೆಲ್ಲ ಇದ್ದದ್ದು ಮಾಮನ ಕಚೇರಿಯ ಬೀರುವಿನಲ್ಲಿ, ವರ್ಷಕ್ಕೊಂದು ಕೆಂಪು ದಾರ ಕಟ್ಟಿದ ಕಡತಗಳಲ್ಲಿ. ಸಲಹೆಯನ್ನು ಅಕ್ಕ ಒಪ್ಪಲಿಲ್ಲ ಎಂಬ ಬೇಸರವಿದ್ದರೂ, ಮರುದಿನ ಬೆಳಿಗ್ಗೆಯೇ ಅವನ್ನು ಅಂಗಡಿಗೆ ಕಳಿಸಿಕೊಟ್ಟರು. ಚಿಕೋರಿ ಕೊಂಡ ಬಿಲ್‌ಗಳು ಕೂಡ ಒಂದೂ ತಪ್ಪದೆ ಅದರಲ್ಲಿದ್ದವು. ಅವಿಲ್ಲದಿದ್ದರೆ ಬೆಂಗಳೂರಿನವರ ಲೆಕ್ಕ ಅಂದಾಜಿನ ಮೇಲೆ ನಿಲ್ಲುತ್ತಿತ್ತು.

ಈಗಿನ ಏರ್ಪಾಡು

ತಮ್ಮ ಎಲ್ಲವನ್ನೂ ಬೆಂಗಳೂರಿಗೇ ಒಪ್ಪಿಸೋಣ ಎಂದರು. ಅಕ್ಕ ಒಪ್ಪಲಿಲ್ಲ. ತಪ್ಪು ಹಿಡಿದದ್ದು ಬೆಂಗಳೂರಿನ ಕಚೇರಿಯಲ್ಲ, ಬಸ್ಸು ಹತ್ತಿ ಬಂದು ಅಂಗಡಿಯಲ್ಲಿ ಕುಳಿತ ಹುಡುಗಿ ಎಂಬುದು ಅವರ ವಾದ. ಆ ವಾದ ನನಗೆ ಪೂರ್ತಿ ಒಪ್ಪಿಗೆ. ಪ್ರತಿ ತಿಂಗಳೂ ಅಲ್ಲಿಂದ ಒಬ್ಬರನ್ನು ಕರೆಸಿಕೊಳ್ಳುವ ಶಕ್ತಿ ಈ ಅಂಗಡಿಗಿಲ್ಲ. ಬಾರದಿದ್ದರೆ ಅವರು ಮತ್ತೆ ಒಂದು ಫಾರಂ ಆಗಿ ಉಳಿಯುತ್ತಾರೆ.

ಹುಡುಕಿ, ಊರಿನಲ್ಲೇ ಇರುವ ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ರಿಟರ್ನ್ಸ್ ಸಲ್ಲಿಸುವ ನೋಂದಾಯಿತ ವೃತ್ತಿಪರರು) ಒಬ್ಬರನ್ನು ಗೊತ್ತುಮಾಡಿಕೊಂಡಿದ್ದಾರೆ. ವಯಸ್ಸು ಕಡಿಮೆ, ಮಾಮನಿಗಿರುವಷ್ಟು ಅನುಭವವಿಲ್ಲ. ಅಕ್ಕ ಹಾಕಿದ ಷರತ್ತು ಒಂದೇ: ತಿಂಗಳಿಗೊಮ್ಮೆ ಅಂಗಡಿಗೆ ಬಂದು, ತಂತಿಯ ರಸೀದಿಗಳನ್ನೂ ಉದ್ದ ನೋಟ್‌ಬುಕ್ಕನ್ನೂ ಅವರೇ ನೋಡಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ಸ್ ಸಲ್ಲಿಸಿ, ತೆರಿಗೆಯನ್ನು ತಿಂಗಳು ತಿಂಗಳು ಕಟ್ಟುವ ಪದ್ಧತಿಯನ್ನು ಆರಿಸಿಕೊಂಡಿದ್ದಾರೆ. 5 ಕೋಟಿಯೊಳಗಿನ ವಹಿವಾಟಿನವರಿಗೆ 2021ರಿಂದ ಈ ಅವಕಾಶವಿದೆ. ಬೆಂಗಳೂರಿನ ಸಂಸ್ಥೆಗೆ ವರ್ಷದ ಗುತ್ತಿಗೆಯಿಲ್ಲ. ಹಿಂಬಾಕಿಯ ವಿಷಯ ಮುಗಿಯುವವರೆಗೆ ಅದನ್ನು ಅವರೇ ನೋಡಿಕೊಳ್ಳುತ್ತಾರೆ, ಆಮೇಲೆ ಗಟ್ಟಿ ಪ್ರಶ್ನೆ ಬಂದಾಗ ಆ ಪ್ರಶ್ನೆಗೆ ಮಾತ್ರ ಶುಲ್ಕ. ಗಲ್ಲಾಪೆಟ್ಟಿಗೆಯ ಎದುರಿನ ಕ್ಯೂಆರ್ ಈಗ ಅಂಗಡಿಯ ಚಾಲ್ತಿ ಖಾತೆಗೆ ಜೋಡಣೆಯಾಗಿದೆ. ಚೀಟಿ, ಮನೆಯ ಹಣ ಬೇರೆ ಖಾತೆಗೆ ಹೋಗುತ್ತದೆ. ನೆರೆಯವರಿಗೆ ನಗದು ಕೊಡುವುದನ್ನು ನಿಲ್ಲಿಸಿಲ್ಲ. ಆ ಬೀದಿಯಲ್ಲಿ ಅದನ್ನು ನಿಲ್ಲಿಸಲಾಗದು. ಅದಕ್ಕೆ ಮನೆಯ ಖಾತೆಯ ಇನ್ನೊಂದು ಕ್ಯೂಆರ್ ಅನ್ನು ಮೇಜಿನ ಒಳಗಿಟ್ಟಿದ್ದಾರೆ.

ಹೊಸಬರಿಗೆ ಕೆಲಸ ಹೆಚ್ಚಾಗುತ್ತಿದೆ. ಗಡುವಿನ ವಾರಗಳಲ್ಲಿ ಅಂಗಡಿಗೆ ಬರಲಾಗದೆ ಫೋನಿನಲ್ಲೇ ಲೆಕ್ಕ ಕೇಳಿದ್ದೂ ಉಂಟು. ಆಗ ಅಕ್ಕ ಸಂಖ್ಯೆ ಹೇಳಲು ನಿರಾಕರಿಸಿದರು. ಅಂಗಡಿ ಮುಚ್ಚುವ ಹೊತ್ತಿಗಾದರೂ ಸರಿ, ಬಂದು ನೋಡಿ ಬರೆದುಕೊಂಡು ಹೋಗಲಿ ಎಂದರು. ಅವರು ಬಂದರು.

ಆನ್‌ಲೈನ್ ವೇದಿಕೆಗೆ ಇನ್ನೂ ಅರ್ಜಿ ಹಾಕಿಲ್ಲ. ತೆರಿಗೆಯ ಅಡ್ಡಿಯೇನೂ ಈಗ ಉಳಿದಿಲ್ಲ, ತಮ್ಮ ಅವಸರ ಮಾಡುತ್ತಲೇ ಇದ್ದಾರೆ. ಮಲೆನಾಡಿನ ಮಳೆಗಾಲದಲ್ಲಿ ಪುಡಿ ಬೇಗ ತೇವ ಎಳೆಯುತ್ತದೆ, ದೂರದ ಊರಿಗೆ ಹೋಗಬೇಕಾದರೆ ಮೊದಲು ಪೊಟ್ಟಣ ಬದಲಿಸಬೇಕು ಎಂದು ಅಕ್ಕ ಅದನ್ನು ಮಳೆ ಕಳೆಯುವವರೆಗೆ ಮುಂದೂಡಿದ್ದಾರೆ.